ಗಾಳ ಎಳೆಯುವ ದೋಣಿಗೆ ರಾಡ್ ಹೋಲ್ಡರ್: ಪದೇ ಪದೇ ಕೇಳುವ ಪ್ರಶ್ನೆಗಳು

ದೋಣಿ ಓಡುತ್ತಿರುವಾಗಲೇ ಹಿಂದೆ ಗಾಳ ಎಳೆದುಕೊಂಡು ಹೋಗಿ ಇಸ್ವಾಣ, ಟ್ಯೂನಾ, ಕೊಕ್ಕರ್‌ನಂಥ ಮೀನು ಹಿಡಿಯುವುದು ಟ್ರೋಲಿಂಗ್. ಬಲೆ ಎಳೆಯುವ ಟ್ರಾಲ್ ಬೋಟಿಗೂ ಇದಕ್ಕೂ ಸಂಬಂಧ ಇಲ್ಲ. ಇಲ್ಲಿರುವುದು ಆ ಗಾಳದ ರಾಡನ್ನು ದೋಣಿಯ ಮೇಲೆ ಹಿಡಿದು ನಿಲ್ಲಿಸುವ ಹೋಲ್ಡರ್‌ನ ವಿಷಯ. ಬೈತಖೋಲ, ಬೇಲೆಕೇರಿ, ತದಡಿ, ಹೊನ್ನಾವರ, ಮುರ್ಡೇಶ್ವರ, ಭಟ್ಕಳದ ಕಡೆ ಓಡಾಡುವ 18ರಿಂದ 30 ಅಡಿಯ ಔಟ್‌ಬೋರ್ಡ್ (ಹಿಂಬದಿಯಲ್ಲಿ ಹೊರಗೆ ಇಂಜಿನ್ ಕೂರುವ) ದೋಣಿಗಳನ್ನು ಕಣ್ಮುಂದೆ ಇಟ್ಟುಕೊಂಡು ಬರೆದಿದ್ದೇನೆ. ದೊಡ್ಡ ವಿಹಾರನೌಕೆ ಇರುವವರಿಗೆ ಇದರಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬಂದೀತು.

ಹೋಲ್ಡರ್ ಇಲ್ಲದೆ ಕೈಯಲ್ಲೇ ರಾಡ್ ಹಿಡಿದುಕೊಂಡರೆ ಆಗಲ್ವಾ?

ಸ್ವಲ್ಪ ಹೊತ್ತು ಆಗುತ್ತದೆ, ಆಮೇಲೆ ಕೈ ಸೋಲುತ್ತದೆ. ನೀರಿನೊಳಕ್ಕೆ ಇಳಿಯುವ ಅಗಲ ನಾಲಿಗೆಯ ಪ್ಲಾಸ್ಟಿಕ್ ಮೀನು, ಅಂದರೆ ಲ್ಯೂರ್, 5–6 ನಾಟ್ ವೇಗದಲ್ಲಿ ಮೀನು ಕಚ್ಚದಿದ್ದರೂ ಸುಮ್ನೆ ಎಳೆಯುತ್ತಲೇ ಇರುತ್ತದೆ. ನೂಲನ್ನೇ ದೋಣಿಗೆ ಕಟ್ಟಿ ಎಳೆಯುವ ಮೀನುಗಾರರಿಗೆ ಹೋಲ್ಡರ್ ಬೇಡ. ರಾಡ್, ನೂಲು ಸುತ್ತುವ ರೀಲ್ ಇಟ್ಟುಕೊಂಡವರಿಗೆ ಬೇಕು. ರಾಡನ್ನು ಹಲಗೆಗೆ ಒರಗಿಸಿ ಕಾಲಿನಿಂದ ಒತ್ತಿ ಕೂರುವವರೂ ಇದ್ದಾರೆ. ಇಸ್ವಾಣ ಕಚ್ಚುವ ರಭಸಕ್ಕೆ ಅದು ನಿಲ್ಲುವುದಿಲ್ಲ.

ಕೊಳ್ಳುವಾಗ ಮೊದಲು ಏನನ್ನು ನೋಡಬೇಕು?

ದೋಣಿಯ ಅಂಚನ್ನು. ಹೋಲ್ಡರ್ ಆಮೇಲೆ.

ಹೋಲ್ಡರ್‌ನ ಹೊಳೆಯುವ ಸ್ಟೀಲ್ ಕೊಳವೆ ಮುರಿದು ಹೋಗುವುದು ಅಪರೂಪ. ಕಿತ್ತು ಬರುವುದು ಅದನ್ನು ಕೂರಿಸಿದ ಜಾಗ. ತೆಳು ಫೈಬರ್ ಅಂಚು ಸೀಳುತ್ತದೆ, ಹಳೆಯ ಹಲಗೆಯಿಂದ ಸ್ಕ್ರೂ ಎದ್ದು ಬರುತ್ತದೆ, ರೇಲಿಂಗ್ ಪೈಪಿನ ಸುತ್ತ ಕ್ಲ್ಯಾಂಪ್ ತಿರುಗುತ್ತದೆ. ಯಾಕೆ ಅಂತ ಒಂದು ಲೆಕ್ಕ ಹಾಕಿ ನೋಡಿ.

30 ಪೌಂಡ್ ನೂಲು ಅಂದರೆ ಸುಮಾರು 13.6 ಕಿಲೋ ಎಳೆತಕ್ಕೆ ಹರಿಯುವ ನೂಲು. ಅದಕ್ಕೆ ರೀಲಿನ ಡ್ರ್ಯಾಗ್ (ಎಷ್ಟು ಎಳೆತಕ್ಕೆ ರೀಲ್ ನೂಲು ಬಿಡಬೇಕು ಅನ್ನುವ ಬಿಗಿತ) ಅನ್ನು 4 ಕಿಲೋ ಆಸುಪಾಸಿಗೆ ಇಡುತ್ತೇವೆ. ಮೀನು ಕಚ್ಚಿದಾಗ ರಾಡ್ ಬಗ್ಗುತ್ತದೆ. ಬಗ್ಗಿದ ಮೇಲೂ ಎಳೆತ ಬೀಳುವ ಜಾಗ ಹೋಲ್ಡರ್‌ನ ಬಾಯಿಯಿಂದ ಒಂದು ಮೀಟರ್ ದೂರ ಇದೆ ಅಂತ ಇಟ್ಟುಕೊಳ್ಳಿ. ಕೊಳವೆಯ ಆಳ 20 ಸೆಂಟಿಮೀಟರ್. ಆಗ ಕೊಳವೆಯ ತಳಕ್ಕೆ ಬೀಳುವ ಒತ್ತಡ 4 ಕಿಲೋ ಅಲ್ಲ, 20 ಕಿಲೋ, ಬಾಯಿಗೆ ಇನ್ನೂ ಸ್ವಲ್ಪ ಜಾಸ್ತಿ. ಅದೇ ಗಾಳ ಯಾರದೋ ಬಲೆಯ ಹಗ್ಗಕ್ಕೆ ಸಿಕ್ಕಿಕೊಂಡು, ಡ್ರ್ಯಾಗ್ ಕೂಡ ಬಿಗಿಯಾಗಿದ್ದರೆ, ನೂಲು ಹರಿಯುವ ಹೊತ್ತಿಗೆ 68 ಕಿಲೋ ಆಗಿರುತ್ತದೆ. 50 ಪೌಂಡಿನ ಹೆಣೆದ ನೂಲು ಹಾಕಿದ್ದರೆ ನೂರು ಕಿಲೋ ದಾಟುತ್ತದೆ. ನಮ್ಮ ಕರಾವಳಿಯಲ್ಲಿ ತೇಲು ಕಟ್ಟಿ ಬಿಟ್ಟ ಬಲೆಗಳಿಗೇನು ಕೊರತೆ ಇಲ್ಲ, ಅಲ್ವಾ? ಹಾಗಾಗಿ ಹೋಲ್ಡರ್ ಆರಿಸುವುದು ಅಂದರೆ ಅರ್ಧಕ್ಕಿಂತ ಜಾಸ್ತಿ ಅದನ್ನು ಎಲ್ಲಿ, ಹೇಗೆ ಬಿಗಿಯುತ್ತೇವೆ ಅಂತ ಆರಿಸುವುದೇ.

ಅಂಚಿನ ಕೆಳಗೆ ಕೈ ಹಾಕಿ ನೋಡಿ. ನಟ್ ಬಿಗಿಯಲು ಕೈ ಹೋಗುತ್ತದೆಯೇ? ಕೊಳವೆಗೆ ಬೇಕಾದ ಆಳ ಇದೆಯೇ? ಕೆಳಗೆ ಇಂಧನದ ಟ್ಯಾಂಕ್, ವೈರ್, ಸ್ಟೇರಿಂಗ್ ಕೇಬಲ್ ಏನಾದರೂ ಇದೆಯೇ? ಇದಕ್ಕೆ ಉತ್ತರ ಸಿಕ್ಕಿದರೆ ಯಾವ ಬಗೆಯ ಹೋಲ್ಡರ್ ಅನ್ನುವುದು ಬಹುತೇಕ ತಾನಾಗಿಯೇ ತೀರ್ಮಾನ ಆಗುತ್ತದೆ.

ಎಷ್ಟು ಬಗೆ ಇವೆ?

ಅಂಚಿನಲ್ಲಿ ತೂತು ಕೊರೆದು ಒಳಗೆ ಇಳಿಸುವ ಫ್ಲಶ್ ಮೌಂಟ್. ರೇಲಿಂಗ್ ಪೈಪಿಗೆ ಕಚ್ಚಿಸುವ ಕ್ಲ್ಯಾಂಪ್. ದೋಣಿಯ ಪಕ್ಕದ ಗೋಡೆಗೋ ಹಲಗೆಗೋ ಬೋಲ್ಟ್ ಹಾಕುವ ಸೈಡ್ ಮೌಂಟ್. ಚಾವಣಿಯ ಮೇಲೆ ಸಾಲಾಗಿ ನಿಲ್ಲಿಸುವ ರಾಕೆಟ್ ಲಾಂಚರ್.

ಕೊನೆಯದು ರಾಡ್ ಇಡುವುದಕ್ಕೆ, ದೊಡ್ಡ ದೋಣಿಗಳಲ್ಲಿ ಉದ್ದ ನೂಲು ಬಿಡುವುದಕ್ಕೆ ಸರಿ. ಸಣ್ಣ ದೋಣಿಯಲ್ಲಿ ಅಷ್ಟು ಎತ್ತರದಿಂದ ಮೀನು ಎಳೆದರೆ ದೋಣಿ ವಾಲುತ್ತದೆ. ಟ್ರೋಲಿಂಗ್‌ಗೆ ನನ್ನ ಮೊದಲ ಆಯ್ಕೆ ಫ್ಲಶ್ ಮೌಂಟ್. ಅಂಚು ಅದಕ್ಕೆ ಒಪ್ಪದಿದ್ದರೆ ಸೈಡ್ ಮೌಂಟ್. ಕ್ಲ್ಯಾಂಪ್ ಮೂರನೆಯದು, ಬಾಡಿಗೆ ದೋಣಿ ಆದರೆ ಮಾತ್ರ ಮೊದಲನೆಯದು.

0, 15, 30 ಡಿಗ್ರಿ ಅಂತ ಬರೆದಿರುತ್ತಾರೆ. ಯಾವುದು ಬೇಕು?

ಹೋಲ್ಡರ್ ನೆಟ್ಟಗೆ ನಿಂತರೆ 0 ಅಂತ ಹೆಚ್ಚಿನ ಕಂಪನಿಗಳು ಬರೆಯುತ್ತವೆ. ಕೆಲವರು ಅದನ್ನೇ 90 ಅನ್ನುತ್ತಾರೆ. ಆದ್ದರಿಂದ ಅಂಕಿಯನ್ನು ನಂಬದೆ ಚಿತ್ರ ನೋಡಿ. 30 ಡಿಗ್ರಿ ಅಂದರೆ ನೆಟ್ಟಗಿನಿಂದ 30 ಡಿಗ್ರಿ ವಾಲಿದೆ ಅಂತ.

ಎರಡು ಪಕ್ಕದ ಅಂಚುಗಳಿಗೆ 30 ಡಿಗ್ರಿಯದು ಒಳ್ಳೆಯದು. ಕೂರಿಸುವಾಗ ರಾಡಿನ ತುದಿ ಹಿಂದಕ್ಕೂ ಹೊರಕ್ಕೂ ಚಾಚುವ ಹಾಗೆ ತಿರುಗಿಸಬೇಕು. ಆಗ ನೂಲುಗಳ ನಡುವೆ ಅಂತರ ಸಿಗುತ್ತದೆ, ದೋಣಿ ತಿರುಗಿದಾಗ ಒಂದಕ್ಕೊಂದು ಸುತ್ತಿಕೊಳ್ಳುವುದು ಕಡಿಮೆ. ಹಿಂಬದಿಯ ಮೂಲೆಗಳಿಗೆ 15 ಸಾಕು. ಅಲ್ಲಿ ಹೊರಗೆ ಚಾಚಿದ ರಾಡ್ ಮೀನು ಎತ್ತುವವರ ಮೊಣಕೈಗೆ ಅಡ್ಡ ಬರುತ್ತದೆ. 0 ಡಿಗ್ರಿಯದನ್ನು ರಾಡ್ ಇಡುವುದಕ್ಕೆ ಬಿಟ್ಟುಬಿಡಿ. ನೆಟ್ಟಗೆ ನಿಂತ ರಾಡಿಗೆ ಹಿಂದಿನಿಂದ ಎಳೆತ ಬಿದ್ದರೆ ಹೋಲ್ಡರ್‌ನ ಬುಡಕ್ಕೆ ಬೀಳುವ ತಿರುಚು ಅತಿ ಹೆಚ್ಚು.

ಇನ್ನೊಂದು ಮಾತು. ಆಳಕ್ಕೆ ಇಳಿಯುವ ಲ್ಯೂರ್ ಎಳೆಯುವಾಗ ರಾಡಿನ ತುದಿ ನೀರಿಗೆ ಹತ್ತಿರ ಇದ್ದಷ್ಟೂ ಲ್ಯೂರ್ ಕೆಳಗೆ ಹೋಗುತ್ತದೆ. ಮೇಲ್ಮೈಯಲ್ಲಿ ಚಿಮ್ಮುತ್ತಾ ಬರುವ ಲ್ಯೂರ್‌ಗೆ ತುದಿ ಎತ್ತರ ಇರಬೇಕು. ಎರಡನ್ನೂ ಮಾಡುವ ಆಸೆ ಇದ್ದರೆ ಕೋನ ಬದಲಾಯಿಸುವ ಹೋಲ್ಡರ್ ಬರುತ್ತದೆ. ಹಲ್ಲಿನ ಚಕ್ರ ಕಚ್ಚಿ ನಿಲ್ಲುವಂಥದ್ದನ್ನೇ ತೆಗೆದುಕೊಳ್ಳಿ. ಬರೀ ಸ್ಕ್ರೂ ಬಿಗಿತದಲ್ಲಿ ನಿಲ್ಲುವುದು ಅಲೆಯ ಕುಲುಕಾಟಕ್ಕೆ ಸಡಿಲ ಆಗುತ್ತದೆ. ಬೆಳಗಿನ ಭೂಗಾಳಿಯಲ್ಲಿ ನೀರು ಸಪಾಟಾಗಿದ್ದಾಗ ಗೊತ್ತಾಗುವುದಿಲ್ಲ. ಮಧ್ಯಾಹ್ನ ಪಡುವಣ ಗಾಳಿ ಎದ್ದ ಮೇಲೆ ಗೊತ್ತಾಗುತ್ತದೆ.

ಕೊಳವೆಯ ತಳದಲ್ಲಿ ಒಂದು ಅಡ್ಡಪಿನ್ ಇದೆ. ಅದು ಯಾಕೆ?

ಟ್ರೋಲಿಂಗ್ ರಾಡ್‌ನ ಬುಡದಲ್ಲಿ ಕೂಡಿಸು ಚಿಹ್ನೆಯಂಥ ಸೀಳು ಇರುತ್ತದೆ. ಅದು ಈ ಪಿನ್ ಮೇಲೆ ಕೂತರೆ ರಾಡ್ ತಿರುಗುವುದಿಲ್ಲ. ರೀಲ್ ಮೇಲ್ಗಡೆ ಕೂರುವ ರಾಡಿಗೆ ಇದು ಮುಖ್ಯ, ಯಾಕೆಂದರೆ ಎಳೆತ ಬಿದ್ದಾಗ ರೀಲಿನ ಭಾರ ಅದನ್ನು ಅಡಿಮೇಲು ಮಾಡಲು ನೋಡುತ್ತದೆ.

ನಿಮ್ಮ ರಾಡ್‌ನ ಬುಡ ಬರೀ ರಬ್ಬರ್ ಆಗಿದ್ದರೆ ಪಿನ್ ಅದನ್ನು ಕಚ್ಚಿ ಹರಿಯುತ್ತದೆ. ಪಿನ್ ಇಲ್ಲದ, ತಳ ಮುಚ್ಚಿದ ಹೋಲ್ಡರ್ ತೆಗೆದುಕೊಳ್ಳಿ. ರಾಡನ್ನು ಮನೆಯಲ್ಲಿ ಬಿಟ್ಟು ಅಂಗಡಿಗೆ ಹೋಗಬೇಡಿ, ಆನ್‌ಲೈನ್‌ನಲ್ಲಿ ತರಿಸುವುದಾದರೆ ಬುಡದ ವ್ಯಾಸ ಅಳೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಸಿಗುವ ಹೋಲ್ಡರ್‌ಗಳ ಒಳವ್ಯಾಸ 40 ಮಿ.ಮೀ. ಆಸುಪಾಸು ಇರುತ್ತದೆ. ರಾಡ್ ಸಡಿಲವಾಗಿ ಇಳಿಯಬೇಕು, ಆದರೆ ಬಡಬಡ ಅಲ್ಲಾಡಬಾರದು.

ನನ್ನ ಹತ್ತಿರ ಇರುವುದು ಸ್ಪಿನ್ನಿಂಗ್ ರೀಲ್. ಅದೇ ಹೋಲ್ಡರ್ ನಡೆಯುತ್ತದೆಯೇ?

ಹೋಲ್ಡರ್‌ನ ಬಾಯಿಯ ಬಳಿ ರೀಲಿನ ಕಾಲು ಕೂರುವ ಸೀಳು ಇದ್ದರೆ ನಡೆಯುತ್ತದೆ. ಸ್ಪಿನ್ನಿಂಗ್ ರೀಲ್ ರಾಡಿನ ಕೆಳಗೆ ತೂಗುತ್ತದೆ. ಸೀಳಿಲ್ಲದ ಕೊಳವೆಯಲ್ಲಿ ಗಿಡ್ಡ ಹಿಡಿಯ ರಾಡ್ ಪೂರ್ತಿ ಇಳಿಯದೆ ರೀಲಿನ ಮೇಲೇ ಭಾರ ಹಾಕಿ ನಿಲ್ಲುತ್ತದೆ. ರೀಲಿನ ಕಾಲು ಮುರಿಯುವುದು ಹಾಗೆ.

ಸ್ಟೀಲ್ ಆದರೆ ಸಾಕಲ್ಲ, 316 ಅಂತ ಯಾಕೆ ಹಟ?

ಉಪ್ಪುನೀರು. 316ರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಇರುತ್ತದೆ. ಉಪ್ಪಿನಿಂದ ಸ್ಟೀಲಿನಲ್ಲಿ ಸೂಜಿಮೊನೆಯಂಥ ತೂತು ಬೀಳುವುದನ್ನು ಅದು ತಡೆಯುತ್ತದೆ. 304ರಲ್ಲಿ ಅದು ಇಲ್ಲ. 304 ಕೆಟ್ಟದ್ದಲ್ಲ, ತೊಳೆದು ಒರೆಸಿಟ್ಟರೆ ಬಾಳುತ್ತದೆ, ಕಂದು ಕಲೆ ಮಾತ್ರ ಬರುತ್ತದೆ. 202 ಅಂತ ಅಗ್ಗದ್ದೊಂದಿದೆ. ಗೇಟು, ಕಿಟಕಿ ಸರಳಿಗೆ ಬಳಸುತ್ತಾರೆ. ಸಮುದ್ರಕ್ಕೆ ಅದು ಬೇಡ.

ಅಯಸ್ಕಾಂತ ಹಿಡಿದು ನೋಡಿ, ಅಂಟದಿದ್ದರೆ ಒಳ್ಳೆಯ ಸ್ಟೀಲ್ ಅಂತ ಅಂಗಡಿಯವರು ಹೇಳುತ್ತಾರೆ. 202, 304, 316 ಮೂರೂ ಹೆಚ್ಚುಕಡಿಮೆ ಅಂಟುವುದಿಲ್ಲ. ಆ ಪರೀಕ್ಷೆಯಿಂದ ಇವುಗಳಲ್ಲಿ ಯಾವುದು ಯಾವುದು ಅಂತ ಹೇಳಲು ಆಗುವುದಿಲ್ಲ. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ.

ಅಲ್ಯೂಮಿನಿಯಂ ಹಗುರ, ಒಳ್ಳೆಯದೇ. ಆದರೆ ಅದಕ್ಕೆ ಸ್ಟೀಲ್ ಸ್ಕ್ರೂ ನೇರವಾಗಿ ಹಾಕಿದರೆ ಉಪ್ಪುನೀರು ಸೇರಿ ಸ್ಕ್ರೂವಿನ ಸುತ್ತ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿಂದುಹೋಗುತ್ತದೆ. ನಡುವೆ ನೈಲಾನ್ ವಾಷರ್ ಕೊಡಿ.

ಪ್ಲಾಸ್ಟಿಕ್ ಹೋಲ್ಡರ್ ಮತ್ತು ಪಿವಿಸಿ ಪೈಪ್ ಬಗ್ಗೆ ಏನನ್ನುತ್ತೀರಿ?

ಗಾಜಿನ ನಾರು ಬೆರೆಸಿದ ನೈಲಾನ್ ಹೋಲ್ಡರ್ ಮೇಲೆ ನನಗೆ ಗೌರವ ಇದೆ. ತುಕ್ಕಿಲ್ಲ, ರಾಡಿನ ಹಿಡಿ ಗೀರುವುದಿಲ್ಲ. ಕಾಳಿ, ಅಘನಾಶಿನಿ, ಶರಾವತಿಯ ಅಳಿವೆಯೊಳಗೆ 10–15 ಪೌಂಡ್ ನೂಲಿನಲ್ಲಿ ಚೊಣಕ್ ಮೀನು ಹುಡುಕುವವರಿಗೆ ಅದು ಧಾರಾಳ ಸಾಕು. ಹೊರಸಮುದ್ರಕ್ಕೆ, ದೊಡ್ಡ ಇಸ್ವಾಣದ ಆಸೆಗೆ, ಸಾಲದು.

ಪಿವಿಸಿ ಪೈಪ್ ಕತ್ತರಿಸಿ ಕಟ್ಟುವುದು ಎಲ್ಲರ ಮೊದಲ ಉಪಾಯ. ರಾಡ್ ನಿಲ್ಲಿಸಿಡಲು ಚೆನ್ನಾಗಿದೆ. ಟ್ರೋಲಿಂಗ್‌ಗೆ ಬೇಡ. ಬಿಸಿಲು ತಿಂದ ಪಿವಿಸಿ ಮೆದುತನ ಕಳೆದುಕೊಳ್ಳುತ್ತದೆ. ನೋಡಲು ಸರಿಯಾಗಿಯೇ ಇರುತ್ತದೆ, ಜಗ್ಗಿದಾಗ ಚೂರಾಗಿ ಒಡೆಯುತ್ತದೆ. ಇನ್ನು ಜಿಐ ಪೈಪ್ ಗಟ್ಟಿ, ಆದರೆ ರಾಡ್ ಉಜ್ಜಿ ಒಳಗಿನ ಸತುವಿನ ಲೇಪ ಹೋದ ಮೇಲೆ ಒಳಗಿಂದಲೇ ತುಕ್ಕು ಶುರು.

ಊರಿನ ವರ್ಕ್‌ಶಾಪಿನಲ್ಲೇ ಮಾಡಿಸಬಹುದಾ?

ಧಾರಾಳವಾಗಿ. ಬೋಟುಗಳ ಕೆಲಸ ಮಾಡುವ ಫ್ಯಾಬ್ರಿಕೇಶನ್ ಅಂಗಡಿಯವರಿಗೆ ಸಮುದ್ರದ ಎಳೆತ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ನಿಮ್ಮ ಅಂಚಿಗೆ ಸರಿಯಾದ ಕೋನದಲ್ಲೇ ಮಾಡಿಕೊಡುತ್ತಾರೆ, ಅದು ರೆಡಿಮೇಡ್‌ನಲ್ಲಿ ಸಿಗದ ಅನುಕೂಲ. 316 ಪೈಪನ್ನು ನೀವೇ ತರಿಸಿ ಕೊಡಿ. ಆರ್ಗಾನ್ ವೆಲ್ಡಿಂಗ್ ಮಾಡಲು ಹೇಳಿ. ವೆಲ್ಡ್ ಆದ ಜಾಗದ ಕಪ್ಪು-ನೀಲಿ ಕಲೆಯನ್ನು ಪೂರ್ತಿ ತೆಗೆದು ಪಾಲಿಶ್ ಮಾಡಿಸಿ, ಇಲ್ಲದಿದ್ದರೆ ತುಕ್ಕು ಅಲ್ಲಿಂದಲೇ ಬರುತ್ತದೆ. ಕೊಳವೆಯ ಬಾಯಿ ಹೊರಕ್ಕೆ ಸ್ವಲ್ಪ ಅರಳಿರಬೇಕು, ಒಳಗೆ ಬೆರಳು ಆಡಿಸಿದರೆ ಚೂಪು ತಾಗಬಾರದು. ಒಳಗೆ ರಬ್ಬರ್ ಅಥವಾ ಮೆದು ಪ್ಲಾಸ್ಟಿಕ್ ತೋಳು ಹಾಕಿದರೆ ರಾಡಿಗೆ ಒಳ್ಳೆಯದು.

ನಮ್ಮದು ಮರದ ದೋಣಿ. ಸ್ಕ್ರೂ ಹಾಕಿದರೆ ಸಾಕಾ?

ಸಾಲದು. ಮರಕ್ಕೆ ಹಾಕಿದ ಸ್ಕ್ರೂ ಒಂದೇ ಕಡೆ ಎಳೆತ ಬಿದ್ದು ಬಿದ್ದು ತೂತನ್ನು ದೊಡ್ಡದು ಮಾಡಿಕೊಳ್ಳುತ್ತದೆ. ಹಲಗೆಯ ಆಚೆ ಬದಿಗೆ ದಾಟುವ 8 ಮಿ.ಮೀ. ಬೋಲ್ಟ್, ಅಗಲ ವಾಷರ್, ಸಡಿಲವಾಗದ ನೈಲಾನ್ ನಟ್ ಹಾಕಿ. ಮರದ ಅಂಚಿಗೆ ಫ್ಲಶ್ ಮೌಂಟ್ ತೂತು ಕೊರೆಯಬೇಡಿ. ಅಷ್ಟು ದೊಡ್ಡ ತೂತು ಅಂಚಿನ ಬಲವನ್ನೇ ತೆಗೆಯುತ್ತದೆ. ಸೈಡ್ ಮೌಂಟ್ ಸರಿ. ಪಾತಿ ದೋಣಿ (ಮರದ ಸಣ್ಣ ದೋಣಿ) ಆದರೆ ಪಕ್ಕದ ಗೋಡೆಯನ್ನು ಮುಟ್ಟುವುದೇ ಬೇಡ. ಕೂರುವ ಅಡ್ಡಹಲಗೆಗೆ ಬಿಗಿಯಿರಿ, ಒಂದೇ ರಾಡ್ ಇಡಿ.

ಫೈಬರ್ ದೋಣಿಗೆ ತೂತು ಕೊರೆಯಲು ಭಯ ಆಗುತ್ತದೆ.

ಭಯ ಇರಬೇಕಾದದ್ದೇ. ಎಷ್ಟೋ ಫೈಬರ್ ದೋಣಿಗಳ ಅಂಚಿನಲ್ಲಿ ಎರಡು ಪದರದ ನಡುವೆ ಪ್ಲೈವುಡ್ ಅಥವಾ ಫೋಮ್ ಇರುತ್ತದೆ. ಕೊರೆದ ತೂತಿನಿಂದ ನೀರು ಒಳಗೆ ಹೋದರೆ ಪ್ಲೈವುಡ್ ಕೊಳೆಯುತ್ತದೆ, ಅದು ಹೊರಗೆ ಕಾಣುವುದಿಲ್ಲ. ತೂತಿನ ಸುತ್ತ ಪ್ಲೈವುಡ್ಡನ್ನು ಸ್ವಲ್ಪ ಕೆರೆದು ತೆಗೆದು ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಹೋಲ್ಡರ್ ಕೂರಿಸಿ. ಸುತ್ತ ಪಾಲಿಯುರೆಥೇನ್ ಸೀಲೆಂಟ್ ಹಚ್ಚಿ. ಬಚ್ಚಲುಮನೆಗೆ ಹಚ್ಚುವ ಸಿಲಿಕೋನ್ ಇಲ್ಲಿ ಹೆಚ್ಚು ದಿನ ಬಾಳುವುದಿಲ್ಲ.

ಕೊರೆಯುವಾಗ ಮೇಲೆ ಟೇಪ್ ಅಂಟಿಸಿ ಗುರುತು ಹಾಕಿ. ಹೋಲ್ ಸಾ ಬ್ಲೇಡನ್ನು ಮೊದಲು ಉಲ್ಟಾ ತಿರುಗಿಸಿ ಮೇಲಿನ ಬಣ್ಣದ ಪದರ ಕತ್ತರಿಸಿ, ಆಮೇಲೆ ಸರಿಯಾಗಿ ತಿರುಗಿಸಿ. ಅಂಚು ಚೂರು ಏಳುವುದಿಲ್ಲ. 30 ಡಿಗ್ರಿ ಹೋಲ್ಡರ್‌ಗೆ ಓರೆಯಾಗಿ ಕೊರೆಯಬೇಕು, ಅದಕ್ಕೆ ಅದೇ ಕೋನದಲ್ಲಿ ಕತ್ತರಿಸಿದ ಮರದ ತುಂಡು ಇಟ್ಟು ಅದರ ಮೂಲಕವೇ ಕೊರೆಯುವುದು ಸುಲಭ.

ಎಲ್ಲಕ್ಕಿಂತ ಮುಖ್ಯ ಕೆಳಗಿನ ಪಟ್ಟಿ. ಅಂಚಿನ ಅಡಿಯಿಂದ ಹೋಲ್ಡರ್‌ನ ತಟ್ಟೆಗಿಂತ ದೊಡ್ಡದಾದ ಸ್ಟೀಲ್, ಅಲ್ಯೂಮಿನಿಯಂ ಅಥವಾ ದಪ್ಪ ಫೈಬರ್ ಪಟ್ಟಿ ಕೊಟ್ಟು ಬೋಲ್ಟ್ ಬಿಗಿಯಬೇಕು. ಬರೀ ವಾಷರ್ ಮೇಲೆ ನಿಲ್ಲಿಸಿದರೆ ಮೇಲೆ ಹೇಳಿದ 68 ಕಿಲೋ ನಾಲ್ಕು ಸಣ್ಣ ಚುಕ್ಕಿಗಳ ಮೇಲೆ ಬೀಳುತ್ತದೆ. ಪಟ್ಟಿ ಇದ್ದರೆ ಹರಡುತ್ತದೆ. ಇದೊಂದನ್ನು ಬಿಟ್ಟು ಉಳಿದ ಎಲ್ಲದರಲ್ಲೂ ಹಣ ಉಳಿಸಿದರೆ ನನ್ನ ತಕರಾರಿಲ್ಲ.

ತಳ ತೆರೆದಿರಬೇಕಾ, ಮುಚ್ಚಿರಬೇಕಾ?

ಕೆಳಗೆ ಸಾಮಾನು ಇಡುವ ಗೂಡು ಇದ್ದರೆ ಮುಚ್ಚಿದ್ದು, ನೀರು ಹೊರಹೋಗುವ ನಳಿಗೆ ಇರುವಂಥದ್ದು. ತೆರೆದ ದೋಣಿಗೆ ತಳ ತೆರೆದದ್ದೇ ಒಳ್ಳೆಯದು, ಆದರೆ ಅಡ್ಡಪಿನ್ ಇರಲೇಬೇಕು. ಇಲ್ಲದಿದ್ದರೆ ರಾಡ್ ಕೆಳಗೆ ಜಾರುತ್ತದೆ.

ಎಷ್ಟು ಹೋಲ್ಡರ್ ಹಾಕಿಸಲಿ? ಎಲ್ಲೆಲ್ಲಿ?

ಒಬ್ಬರೇ ಹೋಗುವುದಾದರೆ ಎರಡು. ಮೂರು ಜನ ಇದ್ದರೆ ನಾಲ್ಕು. ಅದಕ್ಕಿಂತ ಜಾಸ್ತಿ ರಾಡ್ ಇಟ್ಟವರು ಮೀನು ಹಿಡಿಯುವುದಕ್ಕಿಂತ ನೂಲಿನ ಸಿಕ್ಕು ಬಿಡಿಸುವುದೇ ಹೆಚ್ಚು.

ಹಿಂಬದಿಯ ಎರಡು ಮೂಲೆಗಳಲ್ಲಿ ಹತ್ತಿರದ ನೂಲುಗಳು, ಸ್ವಲ್ಪ ಮುಂದೆ ಪಕ್ಕದ ಅಂಚುಗಳಲ್ಲಿ ದೂರದ ನೂಲುಗಳು. ಔಟ್‌ಬೋರ್ಡ್ ಹಿಡಿ ತಿರುಗಿಸುವವರ ಭುಜಕ್ಕೆ ರಾಡ್ ತಾಗಬಾರದು. ಇಂಜಿನ್ ಮೇಲೆತ್ತಿದಾಗಲೂ ತಾಗಬಾರದು, ಇದನ್ನು ತುಂಬಾ ಜನ ಮರೆಯುತ್ತಾರೆ. ಅದೇ ದೋಣಿಯಲ್ಲಿ ಬಲೆಯನ್ನೂ ಎಳೆಯುವುದಿದ್ದರೆ ಬಲೆ ಏರುವ ಬದಿಯಲ್ಲಿ ಹೋಲ್ಡರ್ ಬೇಡವೇ ಬೇಡ. ಬಲೆಯ ಕಣ್ಣು ಅದಕ್ಕೆ ಸಿಕ್ಕಿಕೊಂಡರೆ ತಾಂಡೇಲರ (ದೋಣಿ ನಡೆಸುವ ಮುಖ್ಯಸ್ಥರ) ಬಾಯಲ್ಲಿ ಏನು ಬರುತ್ತದೆ ಅಂತ ಬರೆಯುವಂತಿಲ್ಲ. ಕೊರೆಯುವ ಮೊದಲು ಪೈಪಿನ ತುಂಡುಗಳನ್ನು ಹಗ್ಗದಲ್ಲಿ ಕಟ್ಟಿ, ರಾಡ್ ನಿಲ್ಲಿಸಿ, ದೋಣಿಯಲ್ಲಿ ಎಲ್ಲರೂ ಕೂತು ಓಡಾಡಿ ನೋಡಿ.

ಹೋಲ್ಡರ್ ಗಟ್ಟಿ ಇದ್ದರೂ ರಾಡಿಗೆ ಹಗ್ಗ ಕಟ್ಟಬೇಕಾ?

ಕಟ್ಟಲೇಬೇಕು. ಪಿನ್‌ನಿಂದ ಎದ್ದ ರಾಡ್ ಹೊರಗೆ ಹಾರಲು ಕ್ಷಣ ಸಾಕು. 5–6 ಮಿ.ಮೀ. ನೈಲಾನ್ ಹಗ್ಗ ಸಾಕಾಗುತ್ತದೆ. ಒಂದು ತುದಿ ರೀಲಿನ ಮೇಲಿರುವ ಬಳೆಗೆ ಅಥವಾ ರೀಲ್ ಕೂರುವ ಜಾಗದ ಮೇಲ್ಗಡೆ, ಇನ್ನೊಂದು ದೋಣಿಗೆ. ಹೋಲ್ಡರ್‌ಗೇ ಕಟ್ಟಬೇಡಿ, ಅದು ಕಿತ್ತರೆ ಎರಡೂ ಹೋಗುತ್ತವೆ. ರಾಡನ್ನು ಹೊರತೆಗೆದು ಹಿಡಿಯುವಷ್ಟು ಉದ್ದ ಇರಲಿ, ಕಾಲಿಗೆ ಸುತ್ತುವಷ್ಟು ಬೇಡ.

ಡ್ರ್ಯಾಗ್ ಎಷ್ಟಿಡಬೇಕು?

ನೂಲಿನ ತಾಕತ್ತಿನ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗ. 30 ಪೌಂಡ್ ನೂಲಿಗೆ ಮೂರೂವರೆಯಿಂದ ನಾಲ್ಕೂವರೆ ಕಿಲೋ. ಮೀನು ಮಾರುವವರ ಹತ್ತಿರ ಇರುವಂಥ ಸ್ಪ್ರಿಂಗ್ ತಕ್ಕಡಿಗೆ ನೂಲು ಕಟ್ಟಿ ಎಳೆದು ನೋಡಿ. ಕೈ ಅಂದಾಜು ನಂಬುವಂಥದ್ದಲ್ಲ.

ಮೀನು ಕಚ್ಚಿದ ಮೇಲೆ ರಾಡ್ ಹೋಲ್ಡರ್‌ನಿಂದ ಹೊರಗೆ ಬರುವುದಿಲ್ಲ!

ದೋಣಿಯ ವೇಗ ಇಳಿಸಿ, ಆಗ ಬರುತ್ತದೆ. ಪೂರ್ತಿ ನಿಲ್ಲಿಸಬೇಡಿ, ನೂಲು ಸಡಿಲವಾಗಿ ಗಾಳ ಬಿಟ್ಟುಹೋದೀತು. ಒಂದು ಕೈ ರೀಲಿನ ಮುಂದೆ, ಇನ್ನೊಂದು ಹಿಂದೆ. ಕೊಳವೆಯ ದಿಕ್ಕಿನಲ್ಲೇ ಎತ್ತಬೇಕು. ಅಡ್ಡಕ್ಕೆ ಸೆಳೆದರೆ ಇನ್ನೂ ಬಿಗಿಯುತ್ತದೆ. ಆಗಲೂ ಸಿಕ್ಕಿಕೊಂಡರೆ ಒಳಗಿನ ರಬ್ಬರ್ ತೋಳು ಜಾಸ್ತಿ ದಪ್ಪ ಇದೆ ಅಂತ ಅರ್ಥ.

ನನಗೆ ಸ್ವಂತ ದೋಣಿ ಇಲ್ಲ, ಬಾಡಿಗೆಗೆ ಹೋಗುತ್ತೇನೆ.

ಕ್ಲ್ಯಾಂಪ್ ಹೋಲ್ಡರ್ ಎರಡು ಇಟ್ಟುಕೊಳ್ಳಿ. 25 ಮತ್ತು 32 ಮಿ.ಮೀ. ಪೈಪ್ ಎರಡಕ್ಕೂ ಹೊಂದುವಂಥದ್ದು. ಜೊತೆಗೆ ಹಳೆಯ ಸೈಕಲ್ ಟ್ಯೂಬಿನ ತುಂಡು. ಪೈಪಿನ ಸುತ್ತ ಅದನ್ನು ಸುತ್ತಿ ಬಿಗಿದರೆ ಕ್ಲ್ಯಾಂಪ್ ತಿರುಗುವುದಿಲ್ಲ. ಮೊದಲು ರೇಲಿಂಗನ್ನು ಮೈಭಾರ ಹಾಕಿ ಅಲ್ಲಾಡಿಸಿ ನೋಡಿ, ಬುಡದಲ್ಲಿ ಅಲ್ಲಾಡಿದರೆ ರಾಡ್ ಹಾಕಬೇಡಿ. ದೋಣಿಯ ಮಾಲೀಕರನ್ನು ಕೇಳದೆ ಏನನ್ನೂ ಬಿಗಿಯಬೇಡಿ, ಅದನ್ನು ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ, ಹೇಳಬೇಕಾಗಿದೆ.

ರಾಡ್ ಚಾಚಿಕೊಂಡು ಎಲ್ಲೆಲ್ಲಿ ಹೋಗಬಾರದು?

ಕಾರವಾರದ ಹತ್ತಿರ ಅರ್ಗಾ ಕಡೆಯ ನೌಕಾನೆಲೆ ಮತ್ತು ಅಂಜುದೀವ್ ದ್ವೀಪದ ಸುತ್ತಮುತ್ತ ಹೋಗಲೇಬಾರದು. ನೇತ್ರಾಣಿ ದ್ವೀಪ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರ. ಅಲ್ಲಿ ಡೈವಿಂಗ್ ಮಾಡುವವರು ನೀರೊಳಗೆ ಇರುತ್ತಾರೆ, ಗಾಳ ಎಳೆದುಕೊಂಡು ಅವರ ಮೇಲೆ ಹೋಗುವುದು ಅಪಾಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಹೊರಡುವ ಮೊದಲು ಮೀನುಗಾರಿಕೆ ಇಲಾಖೆಯಲ್ಲಿ ಒಮ್ಮೆ ವಿಚಾರಿಸಿ, ಲೈಫ್ ಜಾಕೆಟ್ ಹಾಕಿಕೊಳ್ಳಿ.

ನೋಡಿಕೊಳ್ಳುವುದು ಹೇಗೆ?

ವಾಪಸ್ ಬಂದ ಕೂಡಲೇ ಸಿಹಿನೀರು, ಕೊಳವೆಯ ಒಳಗೂ. ತಳದಲ್ಲಿ ಮರಳು ನಿಲ್ಲುತ್ತದೆ, ಅದು ರಾಡಿನ ಹಿಡಿಯನ್ನು ತೇಯುತ್ತದೆ. ಮಳೆಗಾಲಕ್ಕೆ ದೋಣಿ ದಡಕ್ಕೆ ಏರಿದಾಗ ಕ್ಲ್ಯಾಂಪ್, ಸೈಡ್ ಮೌಂಟ್ ಎರಡನ್ನೂ ಬಿಚ್ಚಿ ಮನೆಯಲ್ಲಿಡಿ. ಬೋಲ್ಟ್ ತೂತುಗಳಿಗೆ ಗ್ರೀಸ್ ತುಂಬಿ ಮುಚ್ಚಿ. ಫ್ಲಶ್ ಮೌಂಟ್‌ಗೆ ರಬ್ಬರ್ ಮುಚ್ಚಳ ಹಾಕಿ.

ಹೊಸದಾಗಿ ಕೂರಿಸಿದ್ದನ್ನು ಸಮುದ್ರಕ್ಕೆ ಹೋಗುವ ಮೊದಲು ಪರೀಕ್ಷಿಸಬಹುದಾ?

ದಡದಲ್ಲೇ ಮಾಡಿ. ಹೋಲ್ಡರ್‌ನಲ್ಲಿ ರಾಡಿನ ಬದಲು ಗಟ್ಟಿ ಮರದ ಕೋಲು ನಿಲ್ಲಿಸಿ. ಬಾಯಿಯಿಂದ ಒಂದು ಮೀಟರ್ ಮೇಲೆ ಹಗ್ಗ ಕಟ್ಟಿ, ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ದೋಣಿಯ ಹಿಂಬದಿಯಿಂದ ನಿಧಾನ ಎಳೆಯಿರಿ. ನಿಮ್ಮ ಡ್ರ್ಯಾಗ್‌ನ ಎರಡು ಪಟ್ಟು, ಅಂದರೆ 8 ಕಿಲೋವರೆಗೆ. ಒಬ್ಬರು ಅಂಚಿನ ಅಡಿ ಕೈಯಿಟ್ಟು ನೋಡುತ್ತಿರಲಿ. ಚಟಪಟ ಸದ್ದು ಬಂದರೆ ಅಥವಾ ಅಂಚು ಉಬ್ಬಿದರೆ ನಿಲ್ಲಿಸಿ ಪಟ್ಟಿ ದೊಡ್ಡದು ಮಾಡಿ. ಸಾಲಾಗಿ ನಾಲ್ಕು ಇದ್ದರೆ ನಾಲ್ಕನ್ನೂ ಎಳೆದು ನೋಡಿ, ಒಂದು ಸರಿ ಇದ್ದರೆ ಎಲ್ಲವೂ ಸರಿ ಅಂತ ಬಿಡಬೇಡಿ. ಮೊದಲ ಸಲ ಹೋಗಿ ಬಂದ ಮೇಲೆ ನಟ್‌ಗಳನ್ನು ಇನ್ನೊಮ್ಮೆ ಬಿಗಿಯಿರಿ.